ಅಕ್ಕ ಬಿಟ್ಟ ಮಾವು

ಕಾಶಿಗೆ ಹೋದವರು ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಸಾಯುವ ತನಕ ಅದನ್ನು ಬಾಯಿಗೆ ಹಾಕಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಇಷ್ಟವಾದದ್ದನ್ನೇ ಬಿಡಬೇಕು ಎಂದು ಹಿರಿಯರು ಹೇಳುತ್ತಾರೆ. ಬಿಡುವವರು ಮಾತ್ರ ಬೇರೆಯೇ ಯೋಚನೆ ಮಾಡುತ್ತಾರೆ. ನನ್ನ ಮಾವನವರು ಸೇಬು ಬಿಟ್ಟರು. ಆಗ ಭಟ್ಕಳದಲ್ಲಿ ಸೇಬು ಕಾಣುತ್ತಿದ್ದುದು ಯಾರಿಗಾದರೂ ವಿಷಮಜ್ವರ ಬಂದಾಗ ಮಾತ್ರ. ಅತ್ತೆ ಬಿಟ್ಟದ್ದು ನವಿಲುಕೋಸು. ಅದು ಅವರ ಅಡಿಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ನನ್ನ ಗಂಡ ಹಾಗಲಕಾಯಿ ಬಿಟ್ಟರು, ನಾನು ಪಡುವಲಕಾಯಿ. ಎರಡೂ ನಮಗೆ ಮೊದಲಿಂದಲೂ ಸೇರುತ್ತಿರಲಿಲ್ಲ. ಗಂಗೆಗೆ ನಾವು ಕೊಟ್ಟದ್ದು ಇಷ್ಟು.

ಅಕ್ಕ ಮಾವು ಬಿಟ್ಟಳು. ಹಾಗೆ ಬರೆಯುವಾಗಲೇ ಕೈ ನಿಲ್ಲುತ್ತದೆ. ಅದು ಹೇಗಾಯಿತು ಎಂಬುದನ್ನೇ ಬರೆಯಲು ಕೂತಿದ್ದೇನೆ. ಹೊನ್ನಾವರದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯ ತನಕ ಓದಿದವಳು ನಾನು. ಆದದ್ದನ್ನು ಆದ ಹಾಗೆ ಹೇಳುವುದಷ್ಟೇ ನನಗೆ ಗೊತ್ತು.

ಅಕ್ಕ ನನಗಿಂತ ಬಹಳ ದೊಡ್ಡವಳು. ನನ್ನನ್ನು ಹೆತ್ತ ಮೇಲೆ ಅಮ್ಮ ಹೆಚ್ಚು ದಿನ ಉಳಿಯಲಿಲ್ಲ, ಸಾಕಿದವಳು ಅಕ್ಕನೇ. ಅವಳಿಗೆ ಸಣ್ಣವಳಿದ್ದಾಗಲೇ ಮದುವೆಯಾಗಿತ್ತು. ಗಂಡನ ಮನೆಗೆ ಹೋಗುವ ಮೊದಲೇ ಅವನು ತೀರಿಕೊಂಡ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ದಿನಕ್ಕೆ ಒಂದೇ ಊಟ ಎಂದು ಮಾಡಿ ಅವಳನ್ನು ಅಡಿಗೆಮನೆಗೆ ಸೇರಿಸಿದರು. ಹೊನ್ನಾವರದಲ್ಲಿ ಅಣ್ಣನ ಮನೆಯಲ್ಲಿ ಇರುತ್ತಿದ್ದಳು. ಸುತ್ತಮುತ್ತ ಯಾರ ಮನೆಯಲ್ಲಿ ಶ್ರಾದ್ಧವಿದ್ದರೂ ಮಡಿ ಅಡಿಗೆಗೆ ಅವಳೇ ಬೇಕು. ಮದುವೆ ಮನೆಯಲ್ಲೂ ಅವಳೇ ಬೇಕು, ಆದರೆ ಹಿಂದಿನ ಬಾಗಿಲಿಂದ; ಮದುಮಗಳ ಎದುರಿಗೆ ಬರಬಾರದು.

ಅವಳಿಗೆ ಬಾಯಿಚಪಲ ಎಂದರೆ ಮಾವು ಒಂದೇ. ಬೇಸಿಗೆಯಲ್ಲಿ ಇಶಾಡು ಹಣ್ಣು ಬಂತೆಂದರೆ ಗೊರಟು ಬೆಳ್ಳಗಾಗುವ ತನಕ ಚೀಪುವಳು. ಮಳೆಗಾಲಕ್ಕೆ ಮಿಡಿ ಉಪ್ಪಿನಕಾಯಿ, ಸೆಕೆಗೆ ಅಪ್ಪೆಹುಳಿ. ಒಂದು ಹೊತ್ತಿನ ಆ ಊಟಕ್ಕೆ ರುಚಿ ಎಂಬುದು ಇದ್ದರೆ ಮಾವಿನಿಂದಲೇ.

ಯುದ್ಧ ಮುಗಿದ ಮರುವರ್ಷ ಮಾವನವರು ಕಾಶಿಗೆ ಹೊರಟರು. ಭಟ್ಕಳದಲ್ಲಿ ಅವರದ್ದು ತೆಂಗಿನಕಾಯಿ, ಬೆಲ್ಲದ ವ್ಯಾಪಾರ. ಯುದ್ಧಕಾಲದಲ್ಲಿ ಹೋಗಲಾಗದೆ ಉಳಿದ ಯಾತ್ರೆ. ಹಾಗಾಗಿ ದಿಲ್ಲಿ, ಆಗ್ರಾ, ಮಥುರೆ ಎಲ್ಲವನ್ನೂ ಸೇರಿಸಿ ದೊಡ್ಡದಾಗಿಯೇ ಹೊರಟದ್ದು. ಅತ್ತೆ ಹೊರಗಿನವರು ಮಾಡಿದ್ದನ್ನು ಉಣ್ಣುವವರಲ್ಲ. ನಿನ್ನ ಅಕ್ಕನನ್ನು ಕರೆಸು, ಅವಳಿಗೂ ಪುಣ್ಯ ಬಂದ ಹಾಗೆ ಆಯಿತು ಎಂದರು.

ಹೇಳಲು ಹೊನ್ನಾವರಕ್ಕೆ ಹೋದಾಗ ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಆಮೇಲೆ ಹೇಳಿದಳು:

"ಯಂಗೆ ಬೇರೆ ಎಂತದೂ ಬೇಡ. ಗಂಗೆಲಿ ಒಂದು ಮುಳುಗು. ಅಲ್ಲಿ ಭಟ್ಟರ ಬಾಯಲ್ಲಿ ಯನ್ನ ಹೆಸ್ರು ಒಂದು ಸಲ ಹೇಳ್ಸು. ಅಷ್ಟು ಮಾಡ್ತ್ಯನೇ?"

ನಾನೇ ಕೈ ಹಿಡಿದು ಮೆಟ್ಟಿಲು ಇಳಿಸುತ್ತೇನೆ ಎಂದು ಮಾತು ಕೊಟ್ಟೆ. ಆಗ ಅದು ದೊಡ್ಡ ಮಾತು ಅನಿಸಿರಲಿಲ್ಲ.

ಕುಮಟೆಯ ಬಂದರಿನಿಂದ ಆಗಬೋಟಿಯಲ್ಲಿ ಮುಂಬಯಿಗೆ ಹೋದೆವು. ಹಡಗಿನಲ್ಲಿ ನಮ್ಮ ಕಡೆಯದೇ ಒಂದು ಸಂಸಾರದ ಪರಿಚಯವಾಯಿತು. ಯಜಮಾನರು ಮುಂಬಯಿಯಲ್ಲಿ ದೊಡ್ಡ ಕಚೇರಿಯಲ್ಲಿದ್ದರು. ಹೆಂಡತಿ ಬೆಳಗ್ಗೆಯೇ ರೇಷ್ಮೆ ಉಡುವ ಹೆಂಗಸು. ಮಾತಿನ ನಡುವೆ ಮರಾಠಿ. ಅವರೂ ಕಾಶಿಗೆ ಹೊರಟವರೇ. ಒಟ್ಟಿಗೆ ಹೋಗುವುದೆಂದು ಮಾವನವರು ಖುಷಿಯಿಂದ ಒಪ್ಪಿದರು. ಆ ಹೆಂಗಸು ಅಕ್ಕಿ ಚೀಲದ ಬಾಯಿ ಕಟ್ಟುತ್ತಿದ್ದ ಅಕ್ಕನನ್ನು ತೋರಿಸಿ, ಇವರು ನಿಮಗೆ ಏನಾಗಬೇಕು ಎಂದು ಕೇಳಿದಳು.

"ಅಡಿಗೆಗೆ ಕರ್ಕೊಂಡು ಬಂದದ್ದು," ಎಂದರು ಅತ್ತೆ.

ನಾನು ಪಕ್ಕದಲ್ಲೇ ಇದ್ದೆ. ಸಮುದ್ರದ ಕಡೆಗೆ ಮುಖ ಮಾಡಿದೆ. ಸೊಸೆಯ ಅಕ್ಕ ಊರವರ ಮನೆಯಲ್ಲಿ ಸೌಟು ಹಿಡಿಯುವವಳು ಎಂದು ಗೊತ್ತಾದರೆ ಅತ್ತೆಗೆ ಅವಮಾನ. ನಿಜ ಹೇಳಬೇಕೆಂದರೆ ನನಗೂ. ನನ್ನ ಕೊರಳಲ್ಲಿ ಆಗಿನ್ನೂ ಮದುವೆಯ ಚಿನ್ನ ಹೊಸದಾಗಿ ಹೊಳೆಯುತ್ತಿತ್ತು. ಅಕ್ಕ ಚೀಲದ ಗಂಟು ಬಿಗಿದಳು. ಅಂದಿನಿಂದ ಆ ಸಂಸಾರದವರ ಎದುರು ಅವಳು ನನ್ನನ್ನು ಬಹುವಚನದಲ್ಲಿ ಕರೆದಳು. ಊಟಕ್ಕೆ ಏಳಿ, ನೀವು ಇನ್ನೊಂದು ಚೂರು ಹಾಕಿಕೊಳ್ಳಿ ಎನ್ನುವಳು. ನನ್ನ ಕುಂಡೆ ತೊಳೆದು ಬೆಳೆಸಿದವಳು. ಯಾರೂ ಇಲ್ಲದಾಗ ಮತ್ತೆ ತಂಗೀ ಎಂದು ಕರೆಯುವಳು, ಏನೂ ಆಗಿಲ್ಲವೆಂಬಂತೆ.

ದಿಲ್ಲಿ, ಮಥುರೆ, ಆಗ್ರಾ ಎಲ್ಲ ಕಡೆ ಒಂದೇ ರೀತಿ. ಬೆಳಗ್ಗೆ ಅವಲಕ್ಕಿ ತಿಂದು ಟಾಂಗಾದಲ್ಲಿ ನಾವು ನೋಡಲು ಹೋಗುತ್ತಿದ್ದೆವು. ಧರ್ಮಶಾಲೆಯ ಮೂಲೆಯಲ್ಲಿ ಗೋಮಯ ಸಾರಿಸಿ ಅಕ್ಕ ಒಲೆ ಹೂಡುತ್ತಿದ್ದಳು. ನಾವು ಬಂದು ಉಂಡು ಮಲಗಿದ ಮೇಲೆ ಅವಳ ಊಟ. ಆಗ ನಾನು ಎದುರಿಗೆ ಕೂತು ಕಂಡದ್ದನ್ನೆಲ್ಲ ಹೇಳಬೇಕು. ಇದು ನಾವಿಬ್ಬರೂ ಮಾಡಿಕೊಂಡ ಪದ್ಧತಿ.

ಆಗ್ರಾದ ಕೋಟೆಯ ಬಗ್ಗೆ ಹೇಳಿದ್ದು ನೆನಪಿದೆ. ಕೆಂಪು ಕಲ್ಲಿನ ಗೋಡೆ. ನಮ್ಮ ಮಿರ್ಜಾನದ ಕೋಟೆಯನ್ನು ಎತ್ತಿ ಒಳಗಿಟ್ಟರೆ ಒಂದು ಅಂಗಳಕ್ಕೂ ಸಾಲದು ಎಂದೆ. ರಾಣಿಯರ ಕೋಣೆಯೊಳಗೆ ನೀರು ಹರಿಯುವ ಸಣ್ಣ ಕಾಲುವೆ. ಜಾಲರಿ ಕಿಟಕಿಯಿಂದ ನೋಡಿದರೆ ಹೊಳೆಯ ತಿರುವಿನಲ್ಲಿ ಬೆಳ್ಳಗೆ ಆ ದೊಡ್ಡ ಗೋರಿ. ಅಕ್ಕ ಅನ್ನ ಕಲೆಸುತ್ತಾ ಕೇಳುತ್ತಿದ್ದಳು.

"ಅಷ್ಟು ಜನಕ್ಕೆ ಅಡಿಗೆ ಎಲ್ಲಿ ಮಾಡ್ತಿದ್ದ? ಒಲೆ ಕಂಡ್ಯನೇ?"

ಕಂಡಿರಲಿಲ್ಲ. ಮರುದಿನ ದಾರಿ ತೋರಿಸುವವನ ಹತ್ತಿರ ಗಂಡನಿಂದ ಕೇಳಿಸಿದೆ. ಅವನು ನಕ್ಕು, ಯಾರೂ ಇದನ್ನು ಕೇಳಿದ್ದಿಲ್ಲ ಎಂದನಂತೆ. ದಿಲ್ಲಿಯಲ್ಲಿ ನೋಡಿದ ಗೋರಿಗಳ ಬಗ್ಗೆಯೂ ಅವಳದ್ದು ಇಂಥದೇ ಪ್ರಶ್ನೆ. ಒಳಗೆ ದೀಪ ಇಡುತ್ತಾರೋ? ಇಟ್ಟರೆ ಎಣ್ಣೆ ಯಾರು ಹಾಕುತ್ತಾರೆ? ಸತ್ತವರಿಗೆ ವರ್ಷಕ್ಕೊಮ್ಮೆಯಾದರೂ ಯಾರಾದರೂ ಅನ್ನ ಬೇಯಿಸುತ್ತಾರೋ? ನನಗೆ ತೋಚಿದ್ದನ್ನು ಹೇಳುತ್ತಿದ್ದೆ. ಅವಳು ಅದನ್ನೇ ಗಟ್ಟಿ ಮಾಡಿಕೊಂಡಳು. ಹೀಗೆ ಬಾಯಿಗೆ ಬಂದದ್ದನ್ನು ಹೇಳುವ ಅಭ್ಯಾಸ ನನಗೆ ಅಲ್ಲೇ ಹತ್ತಿತು.

ಪ್ರಯಾಗದಲ್ಲಿ ಇದ್ದದ್ದು ಒಂದೇ ದಿನ. ಮಂಗಗಳ ಕಾಟ, ಸಾಮಾನು ಬಿಟ್ಟು ಹೋಗುವಂತಿಲ್ಲ ಎಂದು ಅಕ್ಕನನ್ನು ಕಾಯಲು ಕೂರಿಸಿ ನಾವು ಸಂಗಮಕ್ಕೆ ಹೋದೆವು. ಕಾಶಿಯಲ್ಲಾದರೆ ನಿಧಾನಕ್ಕೆ ಆಗುತ್ತದೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಅಲ್ಲಿಂದ ಮುಂದೆ ರೈಲು ಗಂಗೆಯ ಸೇತುವೆಯ ಮೇಲೆ ಹೋಗುವಾಗ ಕಿಟಕಿಯ ಹತ್ತಿರ ಜನ ಮುಗಿಬಿದ್ದರು. ಅಕ್ಕ ಮಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಗಂಟುಗಳ ನಡುವೆ ಕೆಳಗೆ ಕೂತಿದ್ದಳು. ಎದ್ದರೆ ಯಾರಾದರೂ ಬುಟ್ಟಿ ಮುಟ್ಟಿಯಾರು. ಕಿಟಕಿಯಲ್ಲಿದ್ದ ನಾನು ಇದೇ ಗಂಗೆ ಎಂದು ತಿರುಗಿದೆ. ಅಕ್ಕ ನನ್ನ ಬೆನ್ನಿಗೆ ಕೈ ಮುಗಿದು ಕೂತಿದ್ದಳು. ಅವಳಿಗೆ ಕಾಣುತ್ತಿದ್ದುದು ಅಷ್ಟೇ.

ಕಾಶಿಯಲ್ಲಿ ಮೊದಲ ದಿನಗಳೆಲ್ಲ ಪಿತೃಕಾರ್ಯ, ಬ್ರಾಹ್ಮಣರ ಊಟ. ಒಲೆ ಆರಲಿಲ್ಲ. ನಾವು ಮುಳುಗಿ ತಂದ ಒದ್ದೆ ಸೀರೆಗಳನ್ನು ಹಿಂಡಿ ಹರವುವ ಕೆಲಸವೂ ಅಕ್ಕನದೇ. ಒಮ್ಮೆ ನೋಡಿದೆ, ನನ್ನ ಸೀರೆ ಹಿಂಡಿ ಬೊಗಸೆಯಲ್ಲಿ ಬಿದ್ದ ನೀರನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ನಾಚಿದಳು. ಒಬ್ಬಳೇ ಹೋಗಲು ಅವಳಿಗೆ ಆ ಸಂದಿಗಳ ಗುರುತಿಲ್ಲ, ಭಾಷೆ ಬಾರದು. ನಾಳೆ ಖಂಡಿತ ಎಂದೆ. ನಾಳೆ ಎಂದು ಎಷ್ಟು ಸಲ ಹೇಳಿದೆನೋ.

ಹಣ್ಣು ತರಕಾರಿ ಬಿಡುವ ದಿನ ಬಂತು. ಘಾಟಿನ ಮೆಟ್ಟಿಲ ಮೇಲೆ ನಮ್ಮ ಕಡೆಯವರಿಗೆ ಮಾಡಿಸುವ ಪುರೋಹಿತರು ಒಬ್ಬೊಬ್ಬರ ಹೆಸರು ಕೇಳಿ ಸಂಕಲ್ಪ ಹೇಳಿಸಿದರು. ಮುಂಬಯಿಯ ಸಂಸಾರವೂ ಜೊತೆಗೇ ಕೂತಿತ್ತು. ಬರಲಾಗದವರು ಇದ್ದರೆ ಅವರ ಹೆಸರನ್ನೂ ಹೇಳಬಹುದು, ರಕ್ತಸಂಬಂಧದವರು ಹೇಳಿದರೆ ಸಲ್ಲುತ್ತದೆ ಎಂದರು. ಮಾವನವರು ಊರಲ್ಲಿ ಹಾಸಿಗೆ ಹಿಡಿದಿದ್ದ ತಮ್ಮ ಅಣ್ಣನ ಹೆಸರು ಹೇಳಿ ಅವರಿಗೂ ಏನೋ ಬಿಟ್ಟರು. ಪುರೋಹಿತರು ನನ್ನ ಕಡೆ ನೋಡಿದರು. ನಿನ್ನ ಕಡೆಯವರು ಯಾರಾದರೂ ಇದ್ದಾರೋ ತಾಯಿ ಎಂದರು.

ರೇಷ್ಮೆಯ ಹೆಂಗಸು ನನ್ನ ಪಕ್ಕದಲ್ಲೇ ಕೂತಿದ್ದಳು. ಅಕ್ಕನ ಹೆಸರು ಹೇಳಿದರೆ ಸಂಬಂಧವನ್ನೂ ಹೇಳಬೇಕು. ಇಲ್ಲ ಎಂದೆ. ನೀರಿನಲ್ಲಿ ಕಾಲಿಟ್ಟುಕೊಂಡೇ ಹೇಳಿದೆ.

ಧರ್ಮಶಾಲೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಇವತ್ತು ಹೆಸರು ಹೇಳಿಸುವ ದಿನ ಎಂದು ಅವಳಿಗೆ ಗೊತ್ತಿತ್ತು. ಉಳಿದವರು ಒಳಗೆ ಹೋದ ಮೇಲೆ ಸೆರಗು ಹಿಡಿದು ನಿಲ್ಲಿಸಿದಳು.

"ಯನ್ನ ಹೆಸ್ರು ಹೇಳಿದ್ಯಾ?"

ಹೇಳಿದೆ ಎಂದೆ.

"ಎಂತ ಬಿಟ್ಟೆ ಯನ್ನ ಹೆಸ್ರಲ್ಲಿ?"

ಇದನ್ನು ನಾನು ಯೋಚಿಸಿರಲಿಲ್ಲ. ಒಲೆಯ ಪಕ್ಕದಲ್ಲಿ ಊರಿಂದ ತಂದ ಮಿಡಿಯ ಭರಣಿ ಬಾಯಿ ತೆರೆದು ಇತ್ತು. ಇಂಗು, ಸಾಸಿವೆಯ ವಾಸನೆ ಬರುತ್ತಿತ್ತು. ಬಾಯಿಂದ ಮಾವು ಎಂದು ಬಂತು. ಸೇಬು ಎನ್ನಬಹುದಿತ್ತು, ನವಿಲುಕೋಸು ಎನ್ನಬಹುದಿತ್ತು. ಬೆಳಗ್ಗೆಯಿಂದ ಅವನ್ನೇ ಕೇಳಿಕೊಂಡು ಬಂದಿದ್ದೆ.

ಅಕ್ಕ ಭರಣಿಯ ಕಡೆ ನೋಡಿದಳು. ಆಮೇಲೆ ಮುಖ ಅರಳಿತು. ತಂಗಿಗೆ ತನ್ನ ಇಷ್ಟ ಗೊತ್ತು, ಇಷ್ಟವಾದದ್ದನ್ನೇ ಬಿಟ್ಟಿದ್ದಾಳೆ, ಹಾಗೇ ಬಿಡಬೇಕು ಎಂದಳು. ಹಣ್ಣು ಮಾತ್ರವೋ, ಮಿಡಿಯೂ ಸೇರಿತೋ ಎಂದು ಕೇಳಿದಳು. ಹಣ್ಣು ಮಾತ್ರ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಗಂಗೆಯ ಹತ್ತಿರ ಚೌಕಾಸಿ ಎಂತದು, ಮಾವು ಅಂದರೆ ಮಾವೇ ಎಂದು ಭರಣಿಯ ಬಾಯಿಗೆ ಬಟ್ಟೆ ಕಟ್ಟಿದಳು. ಅವತ್ತಿನ ಊಟಕ್ಕೆ ಅವಳು ಬರೀ ಮಜ್ಜಿಗೆ ಅನ್ನ ಉಂಡಳು.

ಇನ್ನು ಮುಳುಗಿನ ಮಾತು. ಮರುದಿನ ಬೆಳಗ್ಗೆ ಅವಳನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಒಗೆದ ಸೀರೆ ಕಂಕುಳಲ್ಲಿಟ್ಟು ಸಿದ್ಧವಾಗಿದ್ದಳು. ಅಷ್ಟರಲ್ಲಿ ನನ್ನ ಗಂಡ ಬಂದು, ದೋಣಿ ಮಾಡಿದೆ, ಹೊಳೆಯ ಆಚೆ ರಾಮನಗರದ ಕೋಟೆ ನೋಡಿ ಬರುವ, ನಾವಿಬ್ಬರೇ ಎಂದರು. ಮದುವೆಯಾದ ಮೇಲೆ ನಾವಿಬ್ಬರೇ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕನ ಕಡೆ ನೋಡಿದೆ. ಹೋಗಿ ಬಾ, ನಾಳೆ ಆತು ಎಂದು ಅವಳೇ ಹೇಳಿದಳು.

ದೋಣಿಯಿಂದ ಕಾಶಿಯ ಘಾಟುಗಳು ಉದ್ದಕ್ಕೂ ಕಂಡವು. ಕೋಟೆಯ ಗೋಡೆ ನೀರಿನಿಂದಲೇ ಎದ್ದು ನಿಂತಂತಿತ್ತು. ಗಂಡ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಸುಖವಾಗಿತ್ತು ಎಂದು ಬರೆಯಲೇಬೇಕು. ಬರೆಯದಿದ್ದರೆ ಅದೂ ಇನ್ನೊಂದು ಸುಳ್ಳು.

ತಿರುಗಿ ಬರುವಾಗ ಧರ್ಮಶಾಲೆಯಲ್ಲಿ ಗಂಟು ಕಟ್ಟುತ್ತಿದ್ದರು. ಕಾಶಿಯಲ್ಲಿ ಗಲಾಟೆಯಾಗುವ ಸುದ್ದಿ ಇದೆ, ಅಂಗಡಿ ಮುಚ್ಚುತ್ತಿದ್ದಾರೆ, ಇವತ್ತಿನ ರೈಲೇ ಹಿಡಿಯಬೇಕು ಎಂದು ಮುಂಬಯಿಯ ಯಜಮಾನರು ಅವಸರ ಮಾಡುತ್ತಿದ್ದರು. ಸ್ಟೇಷನ್ನಿನ ದಾರಿಯಲ್ಲಿ ಹೊಳೆ ಸಿಗಲಿಲ್ಲ. ಟಾಂಗಾದಲ್ಲಿ ಅಕ್ಕ ನನ್ನ ಕಾಲ ಹತ್ತಿರ ಕೂತಿದ್ದಳು. ಬೈಯಲಿಲ್ಲ. ಮೆಲ್ಲಗೆ ಒಂದೇ ಮಾತು ಕೇಳಿದಳು.

"ಹೆಸ್ರು ಹೇಳಿದ್ದು ಹೌದಲ್ದನೇ? ಆನು ಮುಳುಗದಿದ್ರೂ ಹೆಸ್ರಾದ್ರೂ ಮುಳುಗ್ತಲ್ಲ."

ಹೌದು ಎಂದು ಎರಡನೆಯ ಸಲ ಹೇಳಿದೆ.

ಊರಿಗೆ ಬಂದ ಮೇಲೆ ಅವಳ ದಿನಗಳು ಬದಲಾದವು. ಕಾಶಿ ಕಂಡು ಬಂದವರ ಕಾಲಿಗೆ ಬಿದ್ದರೆ ಪುಣ್ಯದಲ್ಲಿ ಪಾಲು ಸಿಗುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ಬೆಳಗ್ಗೆ ಎದುರು ಬಂದರೆ ಮುಖ ತಿರುಗಿಸುತ್ತಿದ್ದ ಹೆಂಗಸರು ಅಣ್ಣನ ಮನೆಯ ಜಗಲಿಗೆ ಬಂದು ಅವಳಿಗೆ ನಮಸ್ಕಾರ ಮಾಡಿದರು. ಕಾಶಿಅಕ್ಕ ಎಂದು ಕರೆದರು. ಅವಳು ಅವರಿಗೆ ಆಗ್ರಾದ ಕೋಟೆ, ದಿಲ್ಲಿಯ ಗೋರಿ, ಗಂಗೆಯ ಮೆಟ್ಟಿಲು ಎಲ್ಲ ಬಣ್ಣಿಸುತ್ತಿದ್ದಳು. ನಾನು ಮರೆತದ್ದೂ ಅವಳಿಗೆ ನೆನಪಿತ್ತು. ನಾನು ಹಾಗೇ ಸೇರಿಸಿ ಹೇಳಿದ್ದೂ ಅದರಲ್ಲಿ ಇರುತ್ತಿತ್ತು. ಗೋರಿಯ ಒಳಗೆ ಎಣ್ಣೆ ಹಾಕುವ ಮುದುಕಿಯೊಬ್ಬಳಿದ್ದಾಳೆ ಎಂಬುದು ಕೂಡ. ಯಾರಾದರೂ ನೀನೇ ಕಂಡ್ಯಾ ಎಂದರೆ, ತಂಗಿ ಕಂಡಿದ್ದಾಳೆ, ನನ್ನ ಹೆಸರು ಮಾತ್ರ ಗಂಗೆಯಲ್ಲಿದೆ ಎನ್ನುತ್ತಿದ್ದಳು. ಅದನ್ನು ಹೇಳುವಾಗ ಅವಳ ಕುತ್ತಿಗೆ ನೆಟ್ಟಗಾಗುತ್ತಿತ್ತು. ಅವಳು ಹಾಗೆ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮಾವಿನ ಕಾಲ ಬಂದರೆ ಮಾತ್ರ ನನಗೆ ತವರಿಗೆ ಹೋಗಲು ಹೆದರಿಕೆ. ಅಕ್ಕ ಅಣ್ಣನ ಮಕ್ಕಳಿಗೆ ಇಶಾಡು ಹೆಚ್ಚಿ ಕೊಡುವಳು. ರಸ ಮೊಣಕೈಗೆ ಇಳಿದರೆ ನೀರಲ್ಲಿ ತೊಳೆದುಕೊಳ್ಳುವಳು. ಮಿಡಿ ಹಾಕುವಳು; ಉಪ್ಪು ನೋಡಲು ನನ್ನನ್ನು ಕರೆಯುವಳು. ನನ್ನ ನಾಲಿಗೆಯ ಮೇಲೆ ಅವಳೇ ಬೆರಳಿನಿಂದ ರಸ ಹಚ್ಚಿ, ಸಾಕಾ ಎಂದು ಮುಖ ನೋಡುವಳು. ಪಡುವಲಕಾಯಿ ಬಿಟ್ಟವಳು ನಾನು. ಸಾಕು ಎನ್ನುತ್ತಿದ್ದೆ.

ಹೇಳಿಬಿಟ್ಟರೆ ಅವಳಿಗೆ ಮಾವು ಸಿಗುತ್ತದೆ, ಗಂಗೆ ಹೋಗುತ್ತದೆ. ಸುಮ್ಮನಿದ್ದರೆ ಗಂಗೆ ಉಳಿಯುತ್ತದೆ, ಮಾವು ಇಲ್ಲ. ಇದನ್ನು ಹಿಂದೆ ಮುಂದೆ ಮಾಡುತ್ತಲೇ ಕೆಲವು ಬೇಸಿಗೆಗಳು ಹೋದವು.

ಭಟ್ಕಳದಲ್ಲಿ ನಮ್ಮ ಹಿತ್ತಿಲಿಗೆ ತಾಗಿ ಒಬ್ಬ ನವಾಯತ ಮುದುಕಿಯ ಮನೆ. ಬೇಲಿಯ ಆಚೆಯಿಂದ ಮಾವು, ಈಚೆಯಿಂದ ತೊಂಡೆಕಾಯಿ. ಹೀಗೆ ನಮ್ಮ ಬಳಕೆ. ಅವರು ಒಮ್ಮೆ ಅಜ್ಮೀರಿನ ದರ್ಗಾಕ್ಕೆ ಹೋಗಿ ಬಂದವರು; ನಾನೂ ಆ ಕಡೆ ಹೋದವಳೆಂದು ನನ್ನ ಮೇಲೆ ಅಕ್ಕರೆ. ಒಂದು ವರ್ಷ ಅವರು ಬುಟ್ಟಿಯ ತುಂಬ ಹಣ್ಣು ಕೊಟ್ಟು, ನಿನ್ನ ಅಕ್ಕನಿಗೂ ಒಯ್ಯಿ ಎಂದಾಗ ನಾನು ಬೇಲಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಅವರು ಕೇಳಿ ಮುಗಿಸಿ, ತಮ್ಮ ಮಾತಿನ ಧಾಟಿಯಲ್ಲೇ ಕೇಳಿದರು.

"ಅವಳಿಗೆ ಹಣ್ಣು ಕೊಡೋಕೆ ಹೋಗ್ತಿಯಾ, ನಿನ್ನ ಎದೆ ಹಗುರ ಮಾಡೋಕೆ ಹೋಗ್ತಿಯಾ? ಅದು ನೋಡ್ಕೊಂಡು ಹೋಗು ಮಗಳೇ."

ನಾನು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ಹಣ್ಣು ಕೊಡಲಿಕ್ಕೆ ಎಂದೇ ಅಂದುಕೊಂಡೆ. ಬುಟ್ಟಿ ಹಿಡಿದು ಬಸ್ಸು ಹತ್ತಿದೆ. ಈಚೆ ದಡದ ಕಾಸರಕೋಡಿನಲ್ಲಿ ಇಳಿದು ಶರಾವತಿ ದಾಟಲು ದೋಣಿಯಲ್ಲಿ ಕೂತೆ. ಆಚೆ ದಡದ ಹೊನ್ನಾವರ ಹತ್ತಿರ ಬಂದ ಹಾಗೆ, ಈ ಹೊಳೆಯನ್ನು ಎಷ್ಟು ಸಲ ದಾಟಿದರೂ ಅಕ್ಕನನ್ನು ಕೈ ಹಿಡಿದು ನೀರಿಗೆ ಇಳಿಸಿದ್ದಿಲ್ಲವಲ್ಲ ಎನಿಸಿತು.

ಅಕ್ಕ ಹಿಂದಿನ ಜಗಲಿಯಲ್ಲಿ ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಕಡ್ಡಿ ಮಾಡುತ್ತಿದ್ದಳು. ಮಕ್ಕಳು ಬುಟ್ಟಿಗೆ ಮುತ್ತಿಕೊಂಡರು. ಅವರನ್ನು ಅಂಗಳಕ್ಕೆ ಕಳಿಸಿ ನಾನು ಹೇಳಿದೆ. ಘಾಟಿನಲ್ಲಿ ಕೇಳಿದ್ದು, ನಾನು ಇಲ್ಲ ಎಂದದ್ದು, ಭರಣಿ ನೋಡಿ ಮಾವು ಎಂದದ್ದು. ಅಕ್ಕಾ, ನೀನು ಏನನ್ನೂ ಬಿಟ್ಟಿಲ್ಲ, ತಿನ್ನಬಹುದು ಎಂದೆ. ಅವಳ ಕತ್ತಿ ಗರಿಯ ಮೇಲೆ ನಿಂತಿತು. ಮಾವಿನ ಸುದ್ದಿ ಅವಳು ಎತ್ತಲೇ ಇಲ್ಲ.

"ಹಂಗಾರೆ ಯನ್ನ ಹೆಸ್ರು ಅಲ್ಲಿ ಹೇಳೇ ಇಲ್ಯಾ?"

ಇಲ್ಲ ಎಂದೆ.

ಬಹಳ ಹೊತ್ತು ಗರಿ ಸೀಳಿದಳು. ಅಳಲಿಲ್ಲ. ನಾನು ಒಂದು ಹಣ್ಣು ತೆಗೆದು ಹೆಚ್ಚಿ ಅವಳ ಮುಂದೆ ಇಟ್ಟೆ. ಅದನ್ನು ಕೈಯಿಂದ ಮೆಲ್ಲಗೆ ಸರಿಸಿದಳು.

"ನೀ ಬಿಡದೇ ಇರಲಿ. ಆನು ಬಿಟ್ಟಾಯ್ದಲ್ಲೇ ತಂಗಿ."

ಆಮೇಲೆ ಎದ್ದು ಬುಟ್ಟಿಯನ್ನು ಅಂಗಳಕ್ಕೆ ಒಯ್ದು ಮಕ್ಕಳಿಗೆ ಹಂಚಿದಳು. ಸಣ್ಣವನಿಗೆ ಗೊರಟು ಚೀಪುವುದು ಹೇಗೆಂದು ತೋರಿಸಿಕೊಟ್ಟಳು, ಬರಿಗೈಯನ್ನು ಬಾಯಿಯ ಹತ್ತಿರ ಹಿಡಿದು.

ಅವತ್ತೇ ಸಾಯಂಕಾಲ, ನಾನು ಹೊರಡುವ ಮೊದಲು, ಕೇರಿಯ ಒಬ್ಬ ಹೆಂಗಸು ಬಂದಳು. ಅವಳೂ ಗಂಡನ ಜೊತೆ ಕಾಶಿಗೆ ಹೊರಟಿದ್ದಳು. ಹೋಗುವ ಮೊದಲು ಕಾಶಿಅಕ್ಕನಿಗೆ ನಮಸ್ಕಾರ ಮಾಡಿ, ಅಲ್ಲಿ ಹೇಗೆ ಏನು ಎಂದು ಕೇಳಿಕೊಂಡು ಹೋಗಬೇಕೆಂದು ಬಂದದ್ದು. ಸೆರಗು ಹೊದ್ದು ಬಾಗುವಷ್ಟರಲ್ಲಿ ಅಕ್ಕ ಕಾಲು ಹಿಂದೆ ತೆಗೆದಳು.

"ಕಾಶಿಗೆ ಹೋದವಳು ಇವಳು," ಎಂದು ನನ್ನನ್ನು ತೋರಿಸಿದಳು. "ಆನು ಅಡಿಗೆಗೆ ಹೋದದ್ದು. ಇವಳ ಕಾಲಿಗೆ ಬೀಳು."

ಸಿಟ್ಟಿನಿಂದ ಹೇಳಿದ್ದಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ ಅದು. ಹೇಳಿ, ಹಿಡಿಕಡ್ಡಿಯ ಕಟ್ಟು ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಆ ಹೆಂಗಸು ನನ್ನ ಪಾದಕ್ಕೆ ಹಣೆ ಮುಟ್ಟಿಸಿ, ಗಂಗೆಯಲ್ಲಿ ನೀವು ಏನು ಬಿಟ್ಟಿರಿ ಅಮ್ಮಾ ಎಂದು ಕೇಳಿದಳು. ಪಡುವಲಕಾಯಿ ಎಂದೆ. ಒಳಗೆ ಅಕ್ಕ ಒಲೆಗೆ ಸೌದೆ ಇಡುವ ಸದ್ದು ಕೇಳುತ್ತಿತ್ತು.